ನೋನೀ ಅತ್ತೆಯ ಕಾಗದದ ಹೆಸರು

೧೭ ಮೇ ೧೯೬೦, ಮಂಗಳವಾರ. ಸಂಜೆ ಐದೂವರೆ

ಇವತ್ತು ಎಂಟು ತಲೆ. ಕೊನೆಯದು ಪಾದ್ರಿಯವರ ಹೆಂಡತಿಯದು. ಗುಂಗುರು ಕೂದಲು ನೆಟ್ಟಗೆ ಮಾಡುವ ಕಾಯಿಸಿದ ಬಾಚಣಿಗೆ ಕಿವಿಯ ಹತ್ತಿರ ಬಂದರೆ ಸಾಕು, ಕುರ್ಚಿಯಿಂದ ಅರ್ಧ ಅಡಿ ಮೇಲೇಳುತ್ತಾರೆ. ಹದಿಮೂರು ವರ್ಷದಲ್ಲಿ ಈ ಕೈ ಒಂದು ಕಿವಿಯನ್ನೂ ಸುಟ್ಟಿಲ್ಲ. ಆದರೂ ನಂಬಿಕೆಯಿಲ್ಲ.

ಏಳಕ್ಕೆ ಕ್ಲಾಸ್. ಅಷ್ಟರಲ್ಲಿ ನೆಲದ ಕೂದಲು ಗುಡಿಸಬೇಕು, ಡ್ರೈಯರ್ ಕುರ್ಚಿಗಳನ್ನು ಗೋಡೆಗೆ ಒತ್ತಬೇಕು, ಕನ್ನಡಿಯ ಮೇಲೆ ಕರಿಹಲಗೆ ತೂಗುಹಾಕಬೇಕು. ಯಾರಾದರೂ ಕೇಳಿದರೆ — ಹೆಂಗಸರು ತಲೆ ಮಾಡಿಸಿಕೊಳ್ಳಲು ಬಂದಿದ್ದಾರೆ. ಅಷ್ಟೇ. ಕರಿಯ ಹೆಂಗಸರ ತಲೆಯಲ್ಲಿ ಏನು ನಡೆಯುತ್ತಿದೆ ಎಂದು ನೋಡಲು ಯಾವ ಬಿಳಿಯನೂ ಈ ಬಾಗಿಲು ದಾಟಿ ಬರುವುದಿಲ್ಲ.

ಪಾದ್ರಿಯವರು ನನ್ನನ್ನು ಹಿಡಿದದ್ದೂ ಅದಕ್ಕೇ. ಶಾಲೆಯ ಮೇಡಂ ಕಲಿಸಿದರೆ ಮರುದಿನ ಕೆಲಸ ಹೋಗುತ್ತದೆ. ನನ್ನ ಗಿರಾಕಿಗಳೆಲ್ಲ ನಮ್ಮವರೇ, ನನ್ನನ್ನು ತೆಗೆಯುವವರು ಯಾರು? ಹಾಗೆಂದು ಹೊಗಳಿ ಹೊಗಳಿ ಒಪ್ಪಿಸಿದರು. ಜನವರಿಯಿಂದ ವಾರಕ್ಕೆ ಎರಡು ಸಂಜೆ ನನ್ನ ಕಾಲುನೋವು ಕೇಳುವವರಿಲ್ಲ.

ಅಕ್ಷರ ಕಲಿಯಲು ಬರುವವರು ಹನ್ನೊಂದು ಹೆಂಗಸರು. ರಾಜ್ಯದ ಸಂವಿಧಾನದ ಒಂದು ಕಲಂ ತಪ್ಪಿಲ್ಲದೆ ಓದಬೇಕು, ಸಹಿ ಹಾಕಬೇಕು. ಆಗ ಕೋರ್ಟಿನ ಕಚೇರಿಯಲ್ಲಿ ಮತದಾರರ ಚೀಟಿ ಕೊಡುತ್ತಾರೆ. ಕೊಡಬೇಕು.


೧೯ ಮೇ, ಗುರುವಾರ. ಕ್ಲಾಸ್ ಮುಗಿದ ಮೇಲೆ

ನೋನೀ ಅತ್ತೆ ಎಲ್ಲರಿಗಿಂತ ಮುಂದೆ. ನನಗೆ ನಂಟಲ್ಲ, ಈ ದ್ವೀಪಕ್ಕೆಲ್ಲ ಅತ್ತೆ. ಎಪ್ಪತ್ತೊಂದು ವರ್ಷ. ಅರವತ್ತು ವರ್ಷ ಕಡಲ ಸಿಂಪಿಯ ಚಿಪ್ಪು ಬಿಚ್ಚಿ ಬಿಚ್ಚಿ ಬೆರಳೆಲ್ಲ ಗಾಯದ ಗೆರೆ. ಜನವರಿಯಲ್ಲಿ ಪೆನ್ಸಿಲ್ ಅನ್ನು ಚಾಕುವಿನ ಹಾಗೆ ಹಿಡಿದು ಮೂರು ಮುರಿದರು. ಈಗ ಅವರ ಸಹಿ ನೋಡಬೇಕು — 'ನೋನೀ ಮಂಗಿನ್', ಒಂದಕ್ಷರವೂ ಸಾಲು ಬಿಟ್ಟು ಇಳಿಯುವುದಿಲ್ಲ. ನೋಡಿದರೆ ನನಗೇ ಜಂಬ ಬರುತ್ತದೆ. ನಾನು ಕಲಿಸಿದ ಸಹಿ.

ಇವತ್ತು ಒಬ್ಬೊಬ್ಬರೂ ಓಟು ಯಾಕೆ ಬೇಕು ಅಂತ ಹೇಳಬೇಕಿತ್ತು. ಒಬ್ಬರು ಯೇಸು ಎಂದರು, ಒಬ್ಬರು ಮೊಮ್ಮಕ್ಕಳು ಎಂದರು. ನೋನೀ ಅತ್ತೆ ಎಂದದ್ದು ರಸ್ತೆ.

ಡಾಂಬರು ರಸ್ತೆ ಬಿಳಿಯರ ಮೀನುಗಾರಿಕೆ ಕ್ಲಬ್ಬಿನ ಗೇಟಿಗೆ ನಿಂತುಬಿಟ್ಟಿದೆ. ಅಲ್ಲಿಂದ ಈಚೆ ನಮ್ಮ ಕಡೆ ಏಳು ಮೈಲಿ ಕೆಸರು. ೧೯೨೯ರ ಫೆಬ್ರವರಿಯಲ್ಲಿ ಅವರ ಗಂಡ ಎಜ್ರಾಗೆ ಹೊಟ್ಟೆನೋವು. ಕರುಳು ಬಾತಿತ್ತು. ಹೇಸರಗತ್ತೆಯ ಗಾಡಿಯಲ್ಲಿ ಮಲಗಿಸಿಕೊಂಡು ಡಾಕ್ಟರ ಹತ್ತಿರ ಹೊರಟವರು ಡೀಪ್ ಕ್ರೀಕಿನ ತಗ್ಗಿನಲ್ಲಿ ಹೂತುಹೋದರು. ನಾಲ್ಕು ಗಂಟೆ ಹೊತ್ತು. ಗಾಡಿ ಮೇಲೆದ್ದಾಗ ಎಜ್ರಾ ಇರಲಿಲ್ಲ.

ನವೆಂಬರಿನಲ್ಲಿ ಅಧ್ಯಕ್ಷರ ಚುನಾವಣೆ. ಅತ್ತೆಗೆ ಅದು ಬೇಕಿಲ್ಲ. ಅದೇ ದಿನ ಕೌಂಟಿಯ ರಸ್ತೆ ಸೂಪರ್‌ವೈಸರ್ ಚುನಾವಣೆಯೂ ಇದೆ. ಈ ಸಲ ನಿಂತವರಲ್ಲಿ ಒಬ್ಬ ಏಳು ಮೈಲಿಯನ್ನೂ ಮುಗಿಸುತ್ತೇನೆ ಎಂದಿದ್ದಾನಂತೆ.

"ಪ್ರೆಸಿಡೆಂಟ್ ಯಾರಾದ್ರೂ ಆಗ್ಲಿ. ನಂಗೆ ರಸ್ತೆಯೋನು ಬೇಕು," ಎಂದರು.

ಆಮೇಲೆ ಪುಸ್ತಕ ಮುಚ್ಚಿ ನನ್ನನ್ನೇ ನೋಡಿ ಕೇಳಿದರು: "ಪೆಪ್ಪರ್, ನಿನ್ನ ಚೀಟಿ ತೋರ್ಸು. ಹೆಂಗಿರುತ್ತೆ ನೋಡಾಣ."

ಮನೆಯಲ್ಲಿದೆ ಎಂದೆ. ಸುಳ್ಳು. ನನಗೆ ಚೀಟಿಯೇ ಇಲ್ಲ. ಹೈಸ್ಕೂಲು ಓದಿದ್ದೇನೆ, ಮೂವತ್ತಾರು ವರ್ಷ, ಇಷ್ಟು ದಿನ ಆ ಕಚೇರಿಯ ಮೆಟ್ಟಿಲು ಹತ್ತಿಲ್ಲ. ಗೋಡೆಯ ಮೇಲೆ ನನ್ನ ಅಂಗಡಿಯ ಲೈಸೆನ್ಸ್ ಇದೆ, ರಾಜ್ಯದ ಮುದ್ರೆ ಹೊತ್ತದ್ದು. ಕೊಟ್ಟವರು ಕಿತ್ತುಕೊಳ್ಳಲೂಬಹುದು.


೬ ಜೂನ್, ಸೋಮವಾರ

ತಿಂಗಳ ಮೊದಲ ಸೋಮವಾರ ಮಾತ್ರ ಹೆಸರು ಬರೆಸುವ ಪುಸ್ತಕ ತೆರೆಯುತ್ತಾರೆ. ಇವತ್ತು ತೆರೆದಿತ್ತು. ಹೋಗಲಿಲ್ಲ. ಓದು ಇನ್ನೂ ಹದವಾಗಿಲ್ಲ ಎಂದು ಹೆಂಗಸರಿಗೆ ಹೇಳಿದೆ. ಓದು ಹದವಾಗಿ ತಿಂಗಳಾಗಿದೆ. ಹದವಾಗದವಳು ನಾನು.


೪ ಜುಲೈ, ಸೋಮವಾರ. ಮಧ್ಯಾಹ್ನ

ಹೋದೆವು. ಏಳು ಜನ, ಎರಡು ಕಾರು, ಭಾನುವಾರದ ಟೋಪಿ, ಕೈಗವಸು. ಪ್ರತಿಯೊಬ್ಬರ ತಲೆಯೂ ನಾನೇ ಮಾಡಿದ್ದು. ಸೆಖೆಯಲ್ಲಿ ಹದಿನೆಂಟು ಮೈಲಿ.

ಕೋರ್ಟಿನ ಬಾಗಿಲಿಗೆ ಬೀಗ. ರಜೆ. ಸ್ವಾತಂತ್ರ್ಯ ದಿನ.

ಯಾರಿಗೂ ಹೊಳೆದಿರಲಿಲ್ಲ. ನಾಲ್ಕನೇ ತಾರೀಖು ಸೋಮವಾರ ಬಂದಿದೆ ಎಂದು ಗೊತ್ತು, ಆದರೆ ಆ ರಜೆಯನ್ನು ನಮ್ಮದು ಎಂದು ಎಣಿಸಿದವರು ಯಾರಿದ್ದಾರೆ? ಮೆಟ್ಟಿಲ ಮೇಲೆ ನಿಂತು ನೋನೀ ಅತ್ತೆ ನಗಲು ಶುರು ಮಾಡಿದರು. "ಸ್ವಾತಂತ್ರ್ಯಕ್ಕೂ ಇವತ್ತು ರಜಾ ಕಣ್ರೇ." ಎಲ್ಲರೂ ನಕ್ಕೆವು. ದಾರಿಯಲ್ಲಿ ಮರದಡಿ ಕಾರು ನಿಲ್ಲಿಸಿ ಟೊಮೆಟೊ ಹಾಕಿದ ಕೆಂಪನ್ನ, ಕರಿದ ಮೀನು ತಿಂದೆವು. ನನ್ನ ಗಂಡ ಕ್ಲೈಡ್ ಮಾತ್ರ ನಗಲಿಲ್ಲ. ಸೀಗಡಿ ದೋಣಿಯ ಒಂದು ದಿನದ ಕೆಲಸ ಬಿಟ್ಟು ಕಾರು ಓಡಿಸಿದ್ದ.

ಕ್ಯಾಲೆಂಡರ್ ನೋಡಿದೆ. ಸೆಪ್ಟೆಂಬರಿನ ಮೊದಲ ಸೋಮವಾರವೂ ರಜೆ, ಕಾರ್ಮಿಕರ ದಿನ. ಚುನಾವಣೆಗೆ ಮುಂಚೆ ಇನ್ನು ಎರಡೇ ದಿನ ಉಳಿದವು — ಆಗಸ್ಟ್ ಒಂದು, ಅಕ್ಟೋಬರ್ ಮೂರು. ನವೆಂಬರಿನದು ಚುನಾವಣೆಯ ಹಿಂದಿನ ದಿನ, ಲೆಕ್ಕಕ್ಕಿಲ್ಲ.


೧ ಆಗಸ್ಟ್, ಸೋಮವಾರ. ಸಂಜೆ ಆರು

ನನಗೆ ಚೀಟಿ ಸಿಕ್ಕಿತು.

ಬರೆದು ನೋಡಿದೆ. ಸಂತೋಷವಾಗುತ್ತಿಲ್ಲ.

ನಡೆದದ್ದು: ಒಂಬತ್ತಕ್ಕೆ ಹೋದೆವು, ಹನ್ನೊಂದೂವರೆಯವರೆಗೆ ಹೊರಗೆ ನಿಲ್ಲಿಸಿದರು. ಒಳಗೆ ಕನ್ನಡಕದ ಗುಮಾಸ್ತ, ಬಿಳಿಯ, ಐವತ್ತರ ಸುಮಾರು. ಮೊದಲು ನಾನು. ಕಾಗದವನ್ನು ಮೇಜಿಗೆ ಒತ್ತಿ ಹಿಡಿದು ಓದಿದೆ. ಏನು ಕೆಲಸ ಎಂದು ಕೇಳಿದ. ಹೇಳಿದೆ. "ಲೈಸೆನ್ಸ್ ಇದೆಯಾ?" ಇದೆ ಎಂದೆ. ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ಬರೆದು ಕೊಟ್ಟ. ನಾಲ್ಕು ನಿಮಿಷ. ಇದಕ್ಕೆ ಹದಿನೈದು ವರ್ಷ ಹೆದರಿದೆನಲ್ಲ.

ಇನ್ನೂ ನಾಲ್ವರಿಗೆ ಕೊಟ್ಟ. ಒಬ್ಬರು ಓದುವಾಗ ತೊದಲಿದರು, ಹೋಯಿತು. ಕೊನೆಗೆ ನೋನೀ ಅತ್ತೆ. ಓದಬೇಕಾದ ಕಲಂ ಕೇಳುವ ಮೊದಲೇ ಫಾರ್ಮ್ ತುಂಬಿ, ನೋನೀ ಮಂಗಿನ್ ಎಂದು ಮುತ್ತಿನಂತೆ ಸಹಿ ಹಾಕಿ, ಅವನ ಕಡೆ ತಿರುಗಿಸಿ ಇಟ್ಟರು.

ಅವನು ನಕ್ಕ. "ಇದು ಹೆಸರಲ್ಲ. ಬುಟ್ಟಿ ಹೆಸರು. ನಿನ್ನ ಕಾಗದದ ಹೆಸರು ಹೇಳು."

ಅತ್ತೆ ನನ್ನ ಕಡೆ ನೋಡಿದರು. ನಾನು ಅತ್ತೆಯ ಕಡೆ ನೋಡಿದೆ.

ಅವನನ್ನು ಎತ್ತಿ ಆಡಿಸಿದ ಆಯಾ ನಮ್ಮ ದ್ವೀಪದವಳೇ ಅಂತೆ. ಕೂಸಿಗೆ ಮನೆಯವರು ಕರೆಯಲು ಇಡುವ ಬುಟ್ಟಿ ಹೆಸರಿನ ಸಂಗತಿ ಅವಳ ಮಡಿಲಲ್ಲೇ ಕಲಿತು, ನಮ್ಮ ಮೇಲೆಯೇ ತಿರುಗಿಸಿದ. ನಿಜವಾದ ಹೆಸರಿಗೆ ದಾಖಲೆ ಬೇಕು ಎಂದ. ದಾಖಲೆ ಇಲ್ಲದಿದ್ದರೆ, ಅವಳನ್ನು ಹುಟ್ಟಿದಾಗಿನಿಂದ ಬಲ್ಲವರು ನೋಟರಿಯ ಮುಂದೆ ಪ್ರಮಾಣ ಮಾಡಿ ಬರೆದುಕೊಡಬೇಕು. ಹೆಬ್ಬೆಟ್ಟು, ಗೀಟು ನಡೆಯುವುದಿಲ್ಲ, ಅಕ್ಷರದಲ್ಲಿ ಸಹಿ. ಹೇಳುವಾಗ ಅವನಿಗೆ ಖುಷಿ. ಎಪ್ಪತ್ತೊಂದು ವರ್ಷದವರ ಹುಟ್ಟು ಕಂಡವರು, ಅದೂ ಓದುಬರಹ ಬಲ್ಲವರು, ಈ ದ್ವೀಪದಲ್ಲಿ ಎಲ್ಲಿದ್ದಾರೆ ಎಂದು ಅವನಿಗೂ ಗೊತ್ತು.

ಅತ್ತೆ ಕೈಗವಸು ಹಾಕಿಕೊಂಡು ಹೊರಗೆ ಬಂದರು. ಕಾರಿನಲ್ಲಿ ಒಂದೇ ಮಾತು: "ನಂಗೆ ಇನ್ನೊಂದು ಹೆಸರಿತ್ತೇನೋ. ಯಾರೂ ಹೇಳ್ಲಿಲ್ಲ."


೨ ಆಗಸ್ಟ್, ಮಂಗಳವಾರ

ತಪ್ಪು ನನ್ನದು. ಬೇರೆ ಯಾರದೂ ಅಲ್ಲ.

ಇಲ್ಲಿ ಎರಡು ಹೆಸರಿಲ್ಲದವರು ಯಾರಿದ್ದಾರೆ? ಕಾಗದದಲ್ಲಿ ನಾನು ಲೂವೀನಿಯಾ ಕೇಪರ್ಸ್. ಬುಟ್ಟಿಯಲ್ಲಿ ಮಲಗಿ ಕಿರುಚುತ್ತಿದ್ದಾಗ ಅಜ್ಜಿ ಇಟ್ಟದ್ದು ಪೆಪ್ಪರ್. ಅಂಚೆಯವನನ್ನು ಬಿಟ್ಟರೆ ಲೂವೀನಿಯಾ ಎಂದು ಕರೆಯುವವರಿಲ್ಲ. ಕ್ಲೈಡ್ ನನ್ನ ಪೂರ್ತಿ ಹೆಸರು ಕೇಳಿದ್ದು ಮದುವೆಯ ದಿನ. ಇಷ್ಟೆಲ್ಲ ಗೊತ್ತಿದ್ದೂ ಕೇಳಬೇಕೆಂದು ಹೊಳೆಯಲಿಲ್ಲ. ಚರ್ಚಿನ ಪಟ್ಟಿಯಲ್ಲಿ ನೋನೀ, ಎಜ್ರಾನ ಸಮಾಧಿ ಹಲಗೆಯ ಮೇಲೆ ನೋನೀ. ಅದೇ ಪೂರ್ತಿ ಹೆಸರು ಎಂದುಕೊಂಡೆ. ಏಳು ತಿಂಗಳು ಕೂತು, ಬೆರಳು ಹಿಡಿದು, ತಪ್ಪು ಹೆಸರು ತಿದ್ದಿಸಿದೆ. ಮೆರೆದೆ ಬೇರೆ.

ಅಳು ಬಂತು. ಬಾಚಣಿಗೆ ಒಲೆಯ ಮೇಲೆ ಬಿಟ್ಟು ಅಳುತ್ತ ಕೂತೆ. ಕೆಂಪಗೆ ಕಾದು ಹಾಳಾಯಿತು.


೧೧ ಆಗಸ್ಟ್, ಗುರುವಾರ

ನೋನೀ ಅತ್ತೆ ಮೂರು ಕ್ಲಾಸಿಗೆ ಬಂದಿಲ್ಲ. ಇವತ್ತು ಮನೆಗೇ ಹೋದೆ. ಬೆಂಡೆಕಾಯಿ ಸಾರು ಬಡಿಸಿ, ಊಟ ಮುಗಿಯುವವರೆಗೆ ಆ ವಿಷಯ ಎತ್ತಗೊಡಲಿಲ್ಲ.

ಅವರಿಗೆ ಎರಡು ವರ್ಷವಾಗಿದ್ದಾಗ ತಾಯಿ ಹೋದರು. ಸಾಕಿದ ಚಿಕ್ಕಮ್ಮನೂ ಹೋಗಿ ನಲವತ್ತು ವರ್ಷ. ಬೈಬಲ್ಲಿನಲ್ಲಿ ಬರೆದಿಡಲು ಮನೆಯಲ್ಲಿ ಬೈಬಲ್ಲೇ ಇರಲಿಲ್ಲ. ಅವರು ಹುಟ್ಟಿದಾಗ ಆ ಕೋಣೆಯಲ್ಲಿದ್ದವರ ಪೈಕಿ ಉಸಿರಾಡುತ್ತಿರುವವರು ಒಬ್ಬರೇ, ಡೋರ್ಕಸ್ ಫ್ರಿಪ್. ಆಗ ಒಂಬತ್ತು ವರ್ಷದ ಹುಡುಗಿ. ಸೂಲಗಿತ್ತಿಯ ಮಗಳು, ನೀರು ಹೊತ್ತು ಕೊಡಲು ಬಂದಿದ್ದಳು. ಈಗ ಎಂಬತ್ತು.

ಡೋರ್ಕಸ್ ಅತ್ತೆ ಬೇರೆ ಯಾರೂ ಅಲ್ಲ, ಎಜ್ರಾನ ಸ್ವಂತ ಅಕ್ಕ. ಇಬ್ಬರಿಗೂ ಮಾತು ನಿಂತು ಮೂವತ್ತೊಂದು ವರ್ಷ. ತಮ್ಮನ ಸಮಾಧಿಯ ಮುಂದೆ ನಿಂತು, ಊರೆಲ್ಲ ಕೇಳುವ ಹಾಗೆ, ಇವಳು ತಡ ಮಾಡಿದಳು, ಅದಕ್ಕೇ ಸತ್ತ ಎಂದಿದ್ದರು. ಅಂದಿನಿಂದ ಚರ್ಚಿನಲ್ಲಿ ಒಬ್ಬರು ಎಡಗಡೆ ಕೂತರೆ ಇನ್ನೊಬ್ಬರು ಬಲಗಡೆ.

ನಾನೇ ಹೋಗಿ ಕೇಳುತ್ತೇನೆ ಎಂದೆ. "ನೀನು ಬೇಕಾದ್ರೆ ಹೋಗು. ನಾನಂತೂ ಅವಳ ಬಾಗ್ಲಿಗೆ ಹೋಗಾಕಿಲ್ಲ. ಹೆಸರಿಲ್ದೆ ಸಾಯ್ತೀನಿ," ಎಂದರು. ತಟ್ಟೆ ತೊಳೆಯುತ್ತ ಬೆನ್ನು ಮಾಡಿ ನಿಂತುಬಿಟ್ಟರು.


೧೪ ಆಗಸ್ಟ್, ಭಾನುವಾರ. ಚರ್ಚ್ ಆದ ಮೇಲೆ

ಡೋರ್ಕಸ್ ಅತ್ತೆ ವರಾಂಡದಲ್ಲಿ ಹುಲ್ಲಿನ ಬುಟ್ಟಿ ಹೆಣೆಯುತ್ತಿದ್ದರು. ಕೂರು ಎನ್ನಲಿಲ್ಲ. ಎಲ್ಲ ಹೇಳಿದೆ. ಹೆಣೆಯುವುದು ನಿಲ್ಲಿಸಲಿಲ್ಲ.

ಹೆಸರು ಗೊತ್ತಿದೆಯೇ ಎಂದೆ. ಗೊತ್ತಿದೆ. ಹೇಳುತ್ತೀರಾ ಎಂದೆ. ಇಲ್ಲ. ಮುದಿವಯಸ್ಸಿನಲ್ಲಿ ಪೆನ್ಸಿಲ್ ಹಿಡಿದು ಅವಳು ಯಾರಿಗೆ ಜಂಬ ತೋರಿಸಬೇಕಂತೆ? ಓಟು ಹಾಕಿ ಯಾವ ರಾಜ್ಯ ಆಳಬೇಕಂತೆ?

ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. ನನ್ನ ಬುಟ್ಟಿ ಹೆಸರು ಸುಮ್ಮನೆ ಬಂದದ್ದಲ್ಲ. "ರಾಜ್ಯ ಅಲ್ಲ ಅತ್ತೆ, ರಸ್ತೆ. ಡೀಪ್ ಕ್ರೀಕಿನ ತಗ್ಗು ಮುಚ್ಚಿಸಬೇಕಂತೆ. ನಿಮ್ಮ ತಮ್ಮ ಸತ್ತ ಜಾಗ," ಎಂದು ಮೆಟ್ಟಿಲಿಳಿದು ಬಂದುಬಿಟ್ಟೆ.

ಗೇಟಿನ ಹತ್ತಿರ ತಿರುಗಿ ನೋಡಿದೆ. ಬುಟ್ಟಿ ಮಡಿಲಲ್ಲಿತ್ತು. ಕೈ ನಿಂತಿತ್ತು.


೧ ಸೆಪ್ಟೆಂಬರ್, ಗುರುವಾರ. ಸಂಜೆ

ಹದಿನೆಂಟು ದಿನ ಬರೆಯಲಿಲ್ಲ. ಬರೆಯಲು ಏನೂ ಇರಲಿಲ್ಲ. ನೋನೀ ಅತ್ತೆ ಮತ್ತೆ ಕ್ಲಾಸಿಗೆ ಬರುತ್ತಿದ್ದಾರೆ, ಓದುತ್ತಾರೆ, ಬರೆಯುವುದಿಲ್ಲ. ಬರೆಯಲು ಹೆಸರೆಲ್ಲಿದೆ?

ಇವತ್ತು ನಾಲ್ಕು ಗಂಟೆಗೆ ಅಂಗಡಿಯ ಬಾಗಿಲಲ್ಲಿ ಡೋರ್ಕಸ್ ಅತ್ತೆ. ಈ ಕುರ್ಚಿಯಲ್ಲಿ ಎಂದೂ ಕೂತವರಲ್ಲ. ಕಾಯಿಸಿದ ಬಾಚಣಿಗೆ ಸೈತಾನನ ಕೆಲಸ ಎಂದು ಹದಿಮೂರು ವರ್ಷದಿಂದ ಹೇಳಿಕೊಂಡು ಬಂದವರು. ಕೂತರು. ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿದರು. ಹತ್ತಿಯಂಥ ಬಿಳಿ ಕೂದಲು.

"ತೊಳ್ದು ಜಡೆ ಹಾಕು, ಸಾಕು. ಸುಡಬ್ಯಾಡ." ಜಡೆ ಮುಗಿದ ಮೇಲೆ ಕನ್ನಡಿಯಲ್ಲಿ ನನ್ನನ್ನು ನೋಡಿ, "ಸಹಿ ಹಾಕೋದು ಕಲಿಯೋಕೆ ಎಷ್ಟು ದಿನ ಬೇಕು?" ಎಂದರು.

ಒಂದು ತಿಂಗಳು ಇದೆ ಎಂದೆ. ಹೆಸರು ಹೇಳಿಬಿಡಿ, ಅದನ್ನೂ ಬರೆಯಲು ಕಲಿಸುತ್ತೇನೆ ಎಂದೆ. ತಲೆಯಾಡಿಸಿದರು. ಬಾಯಿಬಿಟ್ಟು ಹೇಳುವುದಿಲ್ಲವಂತೆ. ಆ ದಿನ ಕಾಗದದ ಮೇಲೆ ತಾವೇ ಬರೆಯುತ್ತಾರಂತೆ.

ಏಳಕ್ಕೆ ಕ್ಲಾಸ್. ಹೋಗಲಿಲ್ಲ, ಅಲ್ಲೇ ಕೂತರು. ನೋನೀ ಅತ್ತೆ ಒಳಗೆ ಬಂದು, ನೋಡಿ, ಹೊಸ್ತಿಲಲ್ಲೇ ನಿಂತರು. ಆಮೇಲೆ ಬೆಂಚಿನ ಇನ್ನೊಂದು ತುದಿಗೆ ಹೋಗಿ ಕೂತರು. ಚರ್ಚಿನ ಹಾಗೆಯೇ, ಒಬ್ಬರು ಎಡಕ್ಕೆ ಒಬ್ಬರು ಬಲಕ್ಕೆ. ಆದರೂ ಒಂದೇ ಬೆಂಚು.


೧೫ ಸೆಪ್ಟೆಂಬರ್, ಗುರುವಾರ

ಎಂಬತ್ತು ವರ್ಷದ ಹಟಮಾರಿಗೆ ಅಕ್ಷರ ಕಲಿಸುವ ಕೆಲಸ ಶತ್ರುವಿಗೂ ಬೇಡ. ಪೆನ್ಸಿಲ್ ದಪ್ಪ ಎಂದರು, ತೆಳ್ಳಗಾಯಿತು ಎಂದರು, ಬೆಳಕು ಸರಿಯಿಲ್ಲ ಎಂದರು. ಆದರೆ ಕೈ ಚುರುಕು. ಬುಟ್ಟಿ ಹೆಣೆದ ಕೈ. ಒಂದು ಗೆರೆ ಎಲ್ಲಿ ತಿರುಗಿ ಎಲ್ಲಿ ಸೇರಬೇಕು ಎಂದು ಒಮ್ಮೆ ತೋರಿಸಿದರೆ ಸಾಕು.

ಒಂದು ತಲೆನೋವು. ಡೋರ್ಕಸ್ ಫ್ರಿಪ್ ಎಂದು ತಿದ್ದಲು ಕೊಟ್ಟರೆ, ತವರಿನ ಹೆಸರು ಕೇಳಿ ಬರೆಸಿಕೊಂಡು ಡೋರ್ಕಸ್ ಮಂಗಿನ್, ಡೋರ್ಕಸ್ ಮಂಗಿನ್ ಎಂದು ಪುಟ ತುಂಬಿಸುತ್ತಿದ್ದಾರೆ. ಮದುವೆಯಾಗಿ ಅರವತ್ತು ವರ್ಷ! ಫ್ರಿಪ್ ಎಂದೇ ಸಹಿ ಹಾಕಬೇಕು, ಇಲ್ಲದಿದ್ದರೆ ಆ ಗುಮಾಸ್ತ ಅದನ್ನೂ ಹಿಡಿಯುತ್ತಾನೆ ಎಂದು ಗದರಿದೆ. ಸರಿ ಎಂದು ಅರ್ಧ ಪುಟ ಫ್ರಿಪ್ ಬರೆದರು. ಉಳಿದರ್ಧ ಮತ್ತೆ ಮಂಗಿನ್. ವಯಸ್ಸಾಯಿತು, ಬುದ್ಧಿ ಹುಡುಗಿತನಕ್ಕೆ ಓಡುತ್ತಿದೆ. ಅಕ್ಟೋಬರ್ ಮೂರರವರೆಗೆ ನೆಟ್ಟಗಿದ್ದರೆ ಸಾಕು ದೇವರೇ.


೨೯ ಸೆಪ್ಟೆಂಬರ್, ಗುರುವಾರ. ಕ್ಲಾಸ್ ಆದ ಮೇಲೆ

ನೋನೀ ಅತ್ತೆಯ ಹೆಸರು ಬರೆಯುವುದನ್ನು ಡೋರ್ಕಸ್ ಅತ್ತೆ ಇನ್ನೂ ಅಭ್ಯಾಸವೇ ಮಾಡಿಲ್ಲ. ಹೇಗೆ ಬರೆಯುತ್ತಾರೆ? ಒಂದು ಅಕ್ಷರ ತಪ್ಪಿದರೆ ಮುಗಿಯಿತು. ಕೇಳಿದೆ. "ಆ ಯೋಚ್ನೆ ನಿಂಗ್ಯಾಕೆ?" ಎಂದರು.

ಮುದುಕಿ ಕೊನೆಯ ಗಳಿಗೆಯಲ್ಲಿ ಸೇಡು ತೀರಿಸಿಕೊಳ್ಳಲೆಂದೇ ಬರುತ್ತಿದ್ದರೆ? ಕ್ಲೈಡ್‌ಗೆ ಹೇಳಿದೆ. ಬಲೆ ಹೊಲಿಯುತ್ತ ಕೂತಿದ್ದವನು ತಲೆಯೆತ್ತದೆ, ಸೇಡಿಗೆ ಯಾರೂ ಒಂದು ತಿಂಗಳು ಸ್ಕೂಲಿಗೆ ಹೋಗೋದಿಲ್ಲ ಕಣೇ ಎಂದ.

ಹಾಗೇ ಇರಲಿ.


೩ ಅಕ್ಟೋಬರ್, ಸೋಮವಾರ. ಸಂಜೆ ಏಳು. ಎಲ್ಲ ಬರೆದೇ ಮಲಗುತ್ತೇನೆ

ಬೆಳಿಗ್ಗೆ ಆರಕ್ಕೆ ಹೊರಟೆವು. ನಮ್ಮ ಕಾರಿನಲ್ಲಿ ಕ್ಲೈಡ್, ನಾನು, ಹಿಂದೆ ಇಬ್ಬರು ಅತ್ತೆಯರು. ಮಧ್ಯೆ ಊಟದ ಬುಟ್ಟಿ, ಗಡಿಯ ಕಲ್ಲಿನ ಹಾಗೆ.

ಡೀಪ್ ಕ್ರೀಕಿನ ತಗ್ಗಿನಲ್ಲಿ ಕಾರು ನಿಧಾನವಾಯಿತು. ನೀರು ನಿಂತಿತ್ತು. ಇಬ್ಬರೂ ಒಂದೇ ಕಡೆ ನೋಡುತ್ತಿದ್ದರು. ಆಗ ಡೋರ್ಕಸ್ ಅತ್ತೆ ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದರು:

"ತಡ ಮಾಡಿದ್ದು ನೀನಲ್ಲ. ಈ ಹಾದಿ. ಅವತ್ತೂ ಗೊತ್ತಿತ್ತು ನಂಗೆ."

ಒಂದು ಮೈಲಿ ದಾಟಿದ ಮೇಲೆ ನೋನೀ ಅತ್ತೆ ಊಟದ ಬುಟ್ಟಿ ಎತ್ತಿ ಕಾಲ ಬಳಿ ಇಟ್ಟುಕೊಂಡರು.

ಪಟ್ಟಣದಲ್ಲಿ ನಮ್ಮವರ ಅಂತ್ಯಕ್ರಿಯೆ ಅಂಗಡಿಯ ಮಿಸ್ಟರ್ ಗ್ರಾಂಟ್ ಬಳಿ ನೋಟರಿ ಮುದ್ರೆಯೂ ಇದೆ. ಶವಪೆಟ್ಟಿಗೆಗಳ ನಡುವೆ ಮೇಜು ಹಾಕಿ ಕೂತಿದ್ದರು. ಪ್ರಮಾಣ ಮಾಡಿಸಿದರು. ಎಂದು ಹುಟ್ಟಿದ್ದು, ಎಲ್ಲಿ, ಯಾರ ಮಗಳು, ಯಾರ ಹೆಂಡತಿ — ಎಲ್ಲ ಬರೆದು, ಹೆಸರಿನ ಜಾಗ ಖಾಲಿ ಬಿಟ್ಟು ಕಾಗದ ತಿರುಗಿಸಿ ಕೊಟ್ಟರು. ಡೋರ್ಕಸ್ ಅತ್ತೆ ಪೆನ್ನು ತೆಗೆದುಕೊಂಡು, ನಾಲಿಗೆಯ ತುದಿ ಕಚ್ಚಿಕೊಂಡು ಬರೆದರು.

ಡೋರ್ಕಸ್ ಮಂಗಿನ್.

ನಾನು ಅವರ ತೋಳು ಹಿಡಿದೆ. "ಅತ್ತೆ, ನಿಮ್ಮ ಹೆಸರಲ್ಲ. ಅಲ್ಲಿ ಅವರ ಹೆಸರು ಬರೀಬೇಕು."

"ಅವಳದೇ ಬರ್ದಿರೋದು," ಎಂದರು.

ಮಿಸ್ಟರ್ ಗ್ರಾಂಟ್ ಮುದ್ರೆ ಎತ್ತಿದವರು ಹಾಗೆಯೇ ನಿಂತರು.

ಡೋರ್ಕಸ್ ಅತ್ತೆ ನನಗಲ್ಲ, ಮೇಜಿಗೆ ಹೇಳುವವರ ಹಾಗೆ ಹೇಳಿದರು. "ಆ ದಿನ ಬಾವಿಯಿಂದ ಹನ್ನೆರಡು ಕೊಡ ನೀರು ಹೊತ್ತೆ. ಮಗು ಬಂತು. ಇವಳವ್ವ ಅದನ್ನ ನನ್ನ ಕೈಲಿ ಇಟ್ಟು, ಈ ಹುಡುಗಿ ಹೆಸರೇ ಇಡ್ತೀನಿ ಅಂದ್ಲು. ಇಡೀ ದ್ವೀಪ ನಂದೇ ಅನ್ನಿಸ್ಬಿಟ್ಟಿತ್ತು ನಂಗೆ." ಒಂದೇ ಅಂಗಳದಲ್ಲಿ ಇಬ್ಬರು ಡೋರ್ಕಸ್ ಎಂದರೆ ಕರೆಯುವವರಿಗೆ ಗೊಂದಲ, ಚಿಕ್ಕದಕ್ಕೆ ನೋನೀ ಎಂದರು, ಅದೇ ನಿಂತಿತು. ತಾಯಿ ಹೋದ ಮೇಲೆ ಹೇಳುವವರೂ ಇರಲಿಲ್ಲ. ಆ ಮಗುವೇ ಬೆಳೆದು ತಮ್ಮನ ಕೈ ಹಿಡಿದು ಮಂಗಿನ್ ಆಗಿ ಮನೆಗೆ ಬಂದಾಗ ಹೇಳಬೇಕೆಂದಿದ್ದರಂತೆ. ಇವತ್ತು ನಾಳೆ ಎನ್ನುತ್ತ ಉಳಿಯಿತಂತೆ. ಆಮೇಲೆ ಆ ಸಮಾಧಿ, ಆ ಮಾತು. ಕೊಟ್ಟ ಹೆಸರನ್ನು ಸಿಟ್ಟಿನಲ್ಲಿ ವಾಪಸ್ ಇಟ್ಟುಕೊಂಡರು. ಮೂವತ್ತೊಂದು ವರ್ಷ.

ನಾನೋ, ಮುದುಕಿಗೆ ಅರಳುಮರಳು ಎಂದು ಗದರಿಕೊಂಡು ಓಡಾಡಿದ್ದೆ. ಇಡೀ ತಿಂಗಳು ಅವರು ನೋನೀ ಅತ್ತೆಯ ಹೆಸರನ್ನೇ ತಿದ್ದುತ್ತಿದ್ದರು.

ನೋನೀ ಅತ್ತೆ ಕಾಗದವನ್ನು ಹತ್ತಿರ ಎಳೆದುಕೊಂಡು ಬೆರಳಿಟ್ಟು ಓದಿದರು. ಎರಡು ಸಲ. ಕಣ್ಣು ಒರೆಸಿಕೊಂಡರು. ಆಮೇಲೆ ಹೇಳಿದ್ದು: "ಮೂವತ್ತೊಂದು ವರ್ಷ ನಿನ್ನ ಹೆಸರು ಬಾಯಲ್ಲಿ ತಂದಿರ್ಲಿಲ್ಲ. ಇನ್ನು ದಿನಾ ಹೇಳ್ಬೇಕಲ್ಲೇ."

"ಹೇಳು. ಚೆನ್ನಾಗೈತೆ ಹೆಸರು," ಎಂದರು ಡೋರ್ಕಸ್ ಅತ್ತೆ.

ನನಗೆ ಅಳು ತಡೆಯಲಾಗಲಿಲ್ಲ. ಮಿಸ್ಟರ್ ಗ್ರಾಂಟ್ ಅಭ್ಯಾಸಬಲದಿಂದ ಕರವಸ್ತ್ರ ಕೊಟ್ಟರು. ಕಾಗದದ ಕೆಳಗೆ ಡೋರ್ಕಸ್ ಅತ್ತೆಯ ಸಹಿ ಹಾಕಿಸಿ ಮುದ್ರೆ ಒತ್ತಿದರು.

ಕೋರ್ಟಿನಲ್ಲಿ ಮಧ್ಯಾಹ್ನ ಮೂರರವರೆಗೆ ನಿಲ್ಲಿಸಿದರು. ನಿಂತೆವು. ಅದೇ ಗುಮಾಸ್ತ. ಪ್ರಮಾಣಪತ್ರವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಈ ಸಹಿ ಈ ಮುದುಕಿಯದೇ ಎಂದು ಏನು ಗ್ಯಾರಂಟಿ ಎಂದ. ಡೋರ್ಕಸ್ ಅತ್ತೆ ಅವನ ಮೇಜಿನ ಮೇಲಿದ್ದ ಪೆನ್ನನ್ನು ಕೇಳದೆಯೇ ಎತ್ತಿಕೊಂಡು, ಅವನ ಮುಂದಿದ್ದ ಕಾಗದದ ಅಂಚಿನಲ್ಲಿ ಬರೆದರು — ಡೋರ್ಕಸ್ ಫ್ರಿಪ್. ಅವಸರವಿಲ್ಲದೆ, ಬುಟ್ಟಿ ಮುಗಿಸುವ ಹಾಗೆ. ಬರೆದು ಪೆನ್ನು ಇದ್ದಲ್ಲಿಯೇ ಇಟ್ಟರು.

ಓದಲು ಕೊಟ್ಟ. ಪುಸ್ತಕದಲ್ಲಿ ಎಲ್ಲಕ್ಕಿಂತ ಉದ್ದದ ಕಲಂ ಹುಡುಕಿಯೇ ಕೊಟ್ಟ. ನೋನೀ ಅತ್ತೆ ಕನ್ನಡಕ ಏರಿಸಿ ಶುರು ಮಾಡಿದರು. ಒಂದು ಪದದಲ್ಲೂ ಎಡವಲಿಲ್ಲ. ಅರ್ಧದಲ್ಲಿ ಅವನು ಸಾಕು ಎಂದ. ನಿಲ್ಲಿಸಲಿಲ್ಲ. ಸಾಕು ಎಂದೆನಲ್ಲ ಎಂದ. ಅತ್ತೆ ಬೆರಳಿಂದ ಸಾಲು ಹಿಡಿದುಕೊಂಡು ತಲೆಯೆತ್ತಿ, "ನಮ್ಮ ಟೀಚರ್ ಅರ್ಧಕ್ಕೆ ಬಿಡಬಾರ್ದು ಅಂದವ್ರೆ," ಎಂದು ಮತ್ತೆ ಓದಿದರು. ಹೊರಗೆ ಸಾಲಿನಲ್ಲಿದ್ದವರೆಲ್ಲ ಬಾಗಿಲಿಗೆ ಬಂದು ನಿಂತು ಕೇಳಿದರು. ಕೊನೆಯ ಪೂರ್ಣವಿರಾಮದವರೆಗೆ ಓದಿ ಪುಸ್ತಕ ಮುಚ್ಚಿ ಕೊಟ್ಟರು.

ಸಹಿ ಹಾಕಬೇಕಾದಾಗ ಮಾತ್ರ ಕೈ ನಿಂತಿತು. ಹೊಸ ಹೆಸರು. ಎಂದೂ ಬರೆದದ್ದಲ್ಲ. ನಾನು ಹತ್ತಿರ ಹೋಗುವ ಹಾಗಿಲ್ಲ. ಡೋರ್ಕಸ್ ಅತ್ತೆ ಎರಡು ಹೆಜ್ಜೆ ಹಿಂದೆ ನಿಂತವರು, ಗಾಳಿಯಲ್ಲೇ ಬೆರಳಾಡಿಸುತ್ತ ಮೆಲ್ಲಗೆ ಒಂದೊಂದೇ ಅಕ್ಷರ ಹೇಳುತ್ತಿದ್ದರು, ತಮ್ಮ ಪಾಡಿಗೆ ಗೊಣಗುವವರ ಹಾಗೆ. ಗುಮಾಸ್ತ ಮುದ್ರೆ ಹುಡುಕುತ್ತಿದ್ದ. ನೋನೀ ಅತ್ತೆ ಬರೆದರು. ಮಂಗಿನ್ ಎಂಬುದಂತೂ ಏಳು ತಿಂಗಳ ಅಭ್ಯಾಸ, ಸರಾಗವಾಗಿ ಬಂತು. ಪೂರ್ತಿ ದಂಡವಾಗಲಿಲ್ಲ ನನ್ನ ಪಾಠ.

ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಚೀಟಿ ಕೈಗೆ ಬಂತು.

ಮೆಟ್ಟಿಲ ಮೇಲೆ ಯಾರೋ ಹಾಡು ಎತ್ತಿದರು. ಪೊಲೀಸಿನವನು ನೋಡುತ್ತಿದ್ದ, ನೋಡಲಿ. ನನಗೆ ನಾಚಿಕೆಯೂ ಇಲ್ಲ, ಹೆದರಿಕೆಯೂ ಇಲ್ಲ. ನನ್ನ ಚೀಟಿ ಸಿಕ್ಕ ದಿನ ಬಾರದ ಸಂತೋಷ ಇವತ್ತು ಎರಡು ಪಾಲು ಬಂತು. ನಾನೂ ಹಾಡಿದೆ. ಕ್ಲೈಡ್ ಕೂಡ. ಅವನಿಗೆ ಹಾಡಲು ಬರುವುದಿಲ್ಲ ಎಂಬುದು ಬೇರೆ ಮಾತು.


೮ ನವೆಂಬರ್, ಮಂಗಳವಾರ. ಮಧ್ಯಾಹ್ನ

ಅಂಗಡಿಗೆ ರಜೆ. ಬಾಗಿಲ ಮೇಲೆ ಬೋರ್ಡು: ಓಟು ಹಾಕಲು ಹೋಗಿದ್ದೇನೆ. ಬರೆದು ತೂಗುಹಾಕುವಾಗ ಬೇಕೆಂದೇ ಅಕ್ಷರ ದೊಡ್ಡದು ಮಾಡಿದೆ. ಲೈಸೆನ್ಸ್ ಅದರ ಹಿಂದೆಯೇ ಗೋಡೆಯಲ್ಲಿದೆ, ಕಿತ್ತುಕೊಳ್ಳುವವರು ಬಂದು ಓದಿಕೊಳ್ಳಲಿ.

ಶಾಲೆಯ ಕಟ್ಟಡದಲ್ಲಿ ಮತದಾನ. ಡೋರ್ಕಸ್ ಅತ್ತೆಗೆ ಇನ್ನೂ ಚೀಟಿಯಿಲ್ಲ, ಸಹಿ ಬರುತ್ತದೆ, ಓದು ಬರುವುದಿಲ್ಲ. ಆದರೂ ಬಂದರು. ಯಾಕೆ ಎಂದು ಕೇಳುವ ಧೈರ್ಯ ಯಾರಿಗಿದೆ? ಗೋಡೆಯ ಪಕ್ಕದ ಬೆಂಚಿನಲ್ಲಿ ಇಬ್ಬರೂ ಕೂತರು. ಭುಜಕ್ಕೆ ಭುಜ ತಾಗಿಸಿಕೊಂಡು.

ಪುಸ್ತಕ ಹಿಡಿದ ಬಿಳಿಯ ಮುದುಕ ಒಂದೊಂದೇ ಹೆಸರು ಕೂಗುತ್ತಿದ್ದ. ನನ್ನನ್ನು ಕರೆದ. ಹೋಗಿ ಹಾಕಿ ಬಂದೆ.

ಆಮೇಲೆ ಕೂಗಿದ: "ಡೋರ್ಕಸ್ ಮಂಗಿನ್."

ನೋನೀ ಅತ್ತೆ ಏಳಲಿಲ್ಲ. ಎಪ್ಪತ್ತೊಂದು ವರ್ಷ ಆ ಹೆಸರಿಗೆ ತಿರುಗಿ ನೋಡಿದವರಲ್ಲ. ಯಾರನ್ನೋ ಕರೆಯುತ್ತಿದ್ದಾರೆ ಎಂದು ಅವರೂ ಸುತ್ತ ನೋಡಿದರು. ಎದ್ದವರು ಡೋರ್ಕಸ್ ಅತ್ತೆ. ಎಂಬತ್ತು ವರ್ಷದ ಮಂಡಿ, ಬೆಂಚು ಹಿಡಿದು ಎದ್ದು ನೆಟ್ಟಗೆ ನಿಂತು, ನೋನೀ ಅತ್ತೆಯ ತೋಳಿಗೆ ಕೈ ಹಾಕಿ ಎಬ್ಬಿಸಿದರು.

"ಏಳೇ. ನಿನ್ನೇ ಕರೀತಿರೋದು."

ಮುದುಕ ಕನ್ನಡಕದ ಮೇಲಿಂದ ನೋಡಿ, ಇಬ್ಬರಲ್ಲಿ ಯಾರು ಡೋರ್ಕಸ್ ಎಂದು ಕೇಳಿದ.

"ಇಬ್ರೂ," ಎಂದರು ನೋನೀ ಅತ್ತೆ. "ಈ ಸಲ ಓಟು ನಂದು."

ಪರದೆಯ ಹಿಂದೆ ಹೋದರು. ತಡವಾಯಿತು. ಮೊದಲಿನಿಂದ ಕೊನೆಯವರೆಗೆ ಪ್ರತಿ ಅಕ್ಷರ ಓದಿರಬೇಕು. ಯಾರೂ ಅವಸರ ಮಾಡಲಿಲ್ಲ. ಅಷ್ಟೂ ಹೊತ್ತು ಡೋರ್ಕಸ್ ಅತ್ತೆ ಕೂರಲಿಲ್ಲ, ನಿಂತೇ ಇದ್ದರು.


೧೦ ನವೆಂಬರ್, ಗುರುವಾರ. ಸಂಜೆ ನಾಲ್ಕು

ರಸ್ತೆಯವನು ಗೆದ್ದ. ಮೂವತ್ತೊಂಬತ್ತು ಓಟಿನ ಅಂತರದಲ್ಲಿ. ಬೇರೆ ಚರ್ಚುಗಳ ಕ್ಲಾಸಿನವರನ್ನೂ ಸೇರಿಸಿದರೆ ನಮ್ಮ ದ್ವೀಪದಲ್ಲಿ ಈ ವರ್ಷ ಹೊಸದಾಗಿ ಚೀಟಿ ಪಡೆದವರು ಅದಕ್ಕಿಂತ ಹೆಚ್ಚೇ ಇದ್ದೇವೆ. ಬೆಳಿಗ್ಗೆಯಿಂದ ತಲೆ ಮಾಡಿಸಿಕೊಳ್ಳಲು ಬಂದವರೆಲ್ಲ ಗೆದ್ದವರು ತಾವೇ ಎನ್ನುವ ಹಾಗೆ ಕುರ್ಚಿಯಲ್ಲಿ ಒರಗುತ್ತಿದ್ದಾರೆ. ಮಾತು ಕೊಟ್ಟ ಹಾಗೆ ಮಾಡದಿದ್ದರೆ ಮುಂದಿನ ಸಲ ಅವನಿಗೂ ಗೊತ್ತಾಗುತ್ತದೆ.

ಕ್ಲಾಸಿಗೆ ಇನ್ನೂ ಮೂರು ಗಂಟೆ ಇದೆ. ಆಗಲೇ ಇಬ್ಬರೂ ಬಂದು ಹಿಂದಿನ ಬೆಂಚು ಹಿಡಿದಿದ್ದಾರೆ. ಓದುತ್ತಿರುವವರು ದೊಡ್ಡ ಡೋರ್ಕಸ್. ಕಲಿಸುತ್ತಿರುವವರು ಚಿಕ್ಕ ಡೋರ್ಕಸ್. ಮೊದಲ ಸಾಲಿನಲ್ಲೇ ಜಗಳ. ನಿಧಾನ ಓದು ಎಂದು ಇವರು, ನೀರು ಹೊತ್ತೋಳಿಗೆ ಪಾಠ ಹೇಳ್ತೀಯಾ ಎಂದು ಅವರು. ಈಗ ಪೆನ್ಸಿಲ್ ಮುರಿದ ಸದ್ದು. ನಾನು ಹೋಗಿ ಮಧ್ಯೆ ಕೂರದಿದ್ದರೆ ಈ ಇಬ್ಬರು —